ಹುಡುಗ ಹೇಗಿದ್ದಾನೆ?

ಜಾತ್ರೆಯ ದನದ ಪೇಟೆಯಲ್ಲಿ ಎತ್ತಿನ ಬೆಲೆ ಕಟ್ಟುವವರನ್ನು ನೋಡಿದವರಿಗೆ ನಾನು ಹೇಳಹೊರಟ ಸಂಗತಿ ಬೇಗ ತಿಳಿದೀತು. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಬಳಿಕ ಬೆನ್ನು ಸವರುತ್ತಾರೆ, ಗೊರಸು ನೋಡುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊನೆಗೆ ದಲ್ಲಾಳಿಯು ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಮುಚ್ಚಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ತಿಳಿಸುತ್ತಾನೆ. ಸುತ್ತ ನಿಂತ ನೂರು ಜನಕ್ಕೆ ಎತ್ತು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಈಗಿನ ಆಟಗಾರರ ಹರಾಜಿನಲ್ಲಿ ಇದು ತಿರುವುಮುರುವಾಗಿದೆ. ಬೆಲೆ ದೂರದರ್ಶನದ ಮೂಲಕ ಇಡೀ ದೇಶಕ್ಕೆ ಕಾಣುತ್ತದೆ. ಹುಡುಗ ಮಾತ್ರ ಎಲ್ಲಿಯೋ ತನ್ನ ಊರಿನಲ್ಲಿ, ಮನೆಯ ಪಡಸಾಲೆಯಲ್ಲಿ ಉಗುರು ಕಚ್ಚುತ್ತ ಕುಳಿತಿರುತ್ತಾನೆ.

ನಾನು ಆಟಗಾರನಲ್ಲ, ಹಿಂದೆ ಆಗಿದ್ದೆನೆಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ. ವೃತ್ತಿಯಿಂದ ಕನ್ನಡದ ಅಧ್ಯಾಪಕ. ರನ್ನ ರಾಘವಾಂಕರನ್ನು ಪಾಠ ಹೇಳುತ್ತ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿ ತಲೆ ನರೆಸಿಕೊಂಡವನು. 1994ರಲ್ಲಿ ನಮ್ಮ ಕಾಲೇಜಿನ ಮೈದಾನದಲ್ಲಿ ಅಂತರಕಾಲೇಜು ಕಬಡ್ಡಿ ಪಂದ್ಯ ನಡೆಯಬೇಕಾಗಿದ್ದಾಗ ಅಂಕ ಬರೆಯತಕ್ಕವರು ಬರಲಿಲ್ಲ. ದೈಹಿಕ ಶಿಕ್ಷಣದ ನಿರ್ದೇಶಕರು ಅಧ್ಯಾಪಕರ ಕೊಠಡಿಗೆ ಬಂದು ಒಬ್ಬೊಬ್ಬರ ಮುಖವನ್ನೂ ನೋಡಿ, "ನಿಮ್ಮ ಅಕ್ಷರ ದುಂಡಗ ಅವ, ನೀವೇ ಬರ್ರಿ" ಎಂದು ನನ್ನ ಕೈ ಹಿಡಿದು ಎಳೆದೊಯ್ದರು. ಅಂದು ಹಿಡಿದ ಪೆನ್ಸಿಲನ್ನು ನಿವೃತ್ತನಾದ ಮೇಲೂ ಬಿಟ್ಟಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಪಂದ್ಯಗಳು, ತಾಲ್ಲೂಕು ಪಂದ್ಯಗಳು, ಜಾತ್ರೆಯ ಪಂದ್ಯಗಳು ಎಲ್ಲದರ ಲೆಕ್ಕವೂ ನಮ್ಮ ಮನೆಯ ಮಂಚದ ಕೆಳಗಿನ ಟ್ರಂಕಿನಲ್ಲಿದೆ. ಈ ಟ್ರಂಕಿನ ವಿಷಯದಲ್ಲಿ ನನ್ನ ಮನೆಯವರ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಕ್ಷೇಮ. ಪ್ರತಿ ದೀಪಾವಳಿಗೂ ಅದನ್ನು ಹಳೆಯ ಕಾಗದದವನಿಗೆ ಕೊಡುವ ಪ್ರಸ್ತಾಪ ಬರುತ್ತದೆ, ಪ್ರತಿ ದೀಪಾವಳಿಗೂ ಅದು ಮುಂದಿನ ವರ್ಷಕ್ಕೆ ಮುಂದೂಡಲ್ಪಡುತ್ತದೆ.

ಅಧಿಕೃತವಾದ ಅಂಕಪಟ್ಟಿ ಒಣ ಕಾಗದ. ಯಾರು ಎಷ್ಟು ಅಂಕ ತಂದರೆಂಬುದನ್ನು ಅದು ಹೇಳುತ್ತದೆಯೇ ಹೊರತು ಎಲ್ಲಿಂದ ತಂದರೆಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ನಾನು ಪಕ್ಕದಲ್ಲಿ ನನ್ನದೇ ಒಂದು ಪುಸ್ತಕ ಇಟ್ಟುಕೊಂಡೆ. ಪ್ರತಿಯೊಬ್ಬ ರೈಡರನ ಹೆಸರಿನ ಮುಂದೆ ಎಡ, ನಡು, ಬಲ ಎಂದು ಮೂರು ಅಂಕಣ. ಅವನು ಎದುರಾಳಿಯ ಕಡೆಗೆ ಮುಖ ಮಾಡಿ ಹೋದಾಗ ಅವನ ಎಡಕ್ಕೆ ಹೋದನೋ ಬಲಕ್ಕೆ ಹೋದನೋ ಎಂಬ ಲೆಕ್ಕ. ಮುಟ್ಟಿ ಬಂದರೆ ಕತ್ತರಿ ಗುರುತು, ಸಿಕ್ಕಿಬಿದ್ದರೆ ಸೊನ್ನೆ, ಬರಿಗೈಯಲ್ಲಿ ತಿರುಗಿದರೆ ಚುಕ್ಕಿ. ಒಂದು ದಾಳಿಗೆ ಮೂವತ್ತು ಸೆಕೆಂಡು, ಪಂದ್ಯಕ್ಕೆ ನಲವತ್ತು ನಿಮಿಷ. ಹೆಚ್ಚು ಕಡಮೆ ಎಂಬತ್ತು ದಾಳಿ. ಎಂಬತ್ತು ಗುರುತು ಹಾಕುವುದು ಕಷ್ಟದ ಕೆಲಸವೇನೂ ಅಲ್ಲ; ಆಟದ ರೋಮಾಂಚನಕ್ಕೆ ಸಿಕ್ಕಿ ಪೆನ್ಸಿಲು ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಕಷ್ಟ.

ಬಹುಕಾಲ ಈ ಪುಸ್ತಕ ನನ್ನೊಬ್ಬನ ಹುಚ್ಚಾಗಿತ್ತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಎಂಟು ತಂಡಗಳೊಡನೆ ಆರಂಭವಾದ ಮೇಲೆ ಅದಕ್ಕೆ ಬೆಲೆ ಬಂತು. ಆ ವರ್ಷದ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಪಡೆದವರು ರಾಕೇಶ್ ಕುಮಾರ್. ಪಟ್ನಾ ತಂಡ ಅವರಿಗೆ ಕೊಟ್ಟದ್ದು 12 ಲಕ್ಷದ 80 ಸಾವಿರ ರೂಪಾಯಿ. ನಾಲ್ಕೇ ವರ್ಷಗಳಲ್ಲಿ, 2018ರಲ್ಲಿ, ಮೋನು ಗೋಯತ್ ಎಂಬ ಹರಿಯಾಣದ ಆಟಗಾರನಿಗೆ 1 ಕೋಟಿ 51 ಲಕ್ಷ ಬಂತು. ಅದೇ ಹರಾಜಿನಲ್ಲಿ ನಮ್ಮ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ ಅವರನ್ನು ಉತ್ತರ ಪ್ರದೇಶದ ತಂಡ 79 ಲಕ್ಷಕ್ಕೆ ಕೊಂಡಿತು. 2023ರಲ್ಲಿ ಪವನ್ ಸೆಹ್ರಾವತ್ ಅವರ ಬೆಲೆ 2 ಕೋಟಿ 60 ಲಕ್ಷವನ್ನು ದಾಟಿತು. ಶಹಾಪುರದ ಚಹದ ಅಂಗಡಿಯಲ್ಲಿ ಪತ್ರಿಕೆ ಓದುವವರ ದನಿ ಆ ವರ್ಷಗಳಲ್ಲಿ ಏರುತ್ತಾ ಹೋದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದುವರೆಗೆ ಕಬಡ್ಡಿ ಆಡುವ ಮಗನನ್ನು "ಮೈಗೆ ಮಣ್ಣು, ಅಂಗಿಗೆ ಹರಕು" ಎಂದು ಬಯ್ಯುತ್ತಿದ್ದ ತಂದೆಯರು, ಆಮೇಲೆ ನನ್ನ ಮನೆಯ ಬಾಗಿಲಿಗೆ ಬಂದು, "ಸರ, ನಮ್ಮ ಹುಡುಗ ಹ್ಯಾಂಗ ಅದಾನ್ರಿ?" ಎಂದು ಕೇಳತೊಡಗಿದರು. ಹೆಣ್ಣಿನ ಕಡೆಯವರು ವರನ ವಿಷಯದಲ್ಲಿ ಕೇಳುವ ಮಾತು ಇದೇ ಅಲ್ಲವೆ? ಉತ್ತರ ಹೇಳುವವನ ಸಂಕಟವೂ ಅದೇ.

ಕೇಳಲು ಬಂದವರಿಗೆ ನಾನು ಮೊದಲು ಒಂದು ಗುಣಾಕಾರ ಮಾಡಿ ತೋರಿಸುತ್ತೇನೆ. 2017ರಿಂದ ಲೀಗಿನಲ್ಲಿ ಹನ್ನೆರಡು ತಂಡಗಳಿವೆ. ಒಂದು ತಂಡಕ್ಕೆ ಹೆಚ್ಚೆಂದರೆ 25 ಆಟಗಾರರು. ಇಡೀ ದೇಶಕ್ಕೆ, ಇರಾನಿನಿಂದಲೂ ಬೇರೆಡೆಗಳಿಂದಲೂ ಬರುವವರನ್ನು ಸೇರಿಸಿ, 300 ಸ್ಥಾನ. ಅದರಲ್ಲಿ ಹರಿಯಾಣದ ಪಾಲು ಎಷ್ಟೆಂಬುದನ್ನು ಯಾವುದಾದರೊಂದು ತಂಡದ ಪಟ್ಟಿ ಓದಿದರೆ ತಿಳಿಯುತ್ತದೆ. ಹರಾಜಿಗೆ ಹೆಸರು ಹೋಗುವವರು ಐನೂರಕ್ಕೂ ಹೆಚ್ಚು. ಅವರನ್ನು ಎ, ಬಿ, ಸಿ, ಡಿ ಎಂದು ವರ್ಗ ಮಾಡುತ್ತಾರೆ. 2023ರ ಹರಾಜಿನಲ್ಲಿ ಎ ವರ್ಗದವರಿಗೆ ಮೂಲಬೆಲೆ 30 ಲಕ್ಷ, ಡಿ ವರ್ಗದವರಿಗೆ 9 ಲಕ್ಷ. ಕಾಲೇಜಿನಿಂದ ಬರುವ ಎಳೆಯರಿಗೆ ಇನ್ನೊಂದು ಬಾಗಿಲಿದೆ. 'ಹೊಸ ಯುವ ಆಟಗಾರರು' ಎಂಬ ಹೆಸರಿನಲ್ಲಿ ತಂಡಗಳು ಹರಾಜಿಗಿಂತ ಮುಂಚೆಯೇ ಅವರನ್ನು ಪರೀಕ್ಷಿಸಿ ಸೇರಿಸಿಕೊಳ್ಳುತ್ತವೆ. ನಮ್ಮ ಕಡೆಯ ಹುಡುಗರ ಕಣ್ಣು ಇರುವುದು ಈ ಬಾಗಿಲಿನ ಮೇಲೆ. ದಲ್ಲಾಳಿಗಳು ನಿಲ್ಲುವುದೂ ಇದೇ ಬಾಗಿಲಿನ ಹತ್ತಿರ. "ಇಪ್ಪತ್ತು ಸಾವಿರ ಕೊಡ್ರಿ, ಆಯ್ಕೆ ನನ್ನ ಜವಾಬ್ದಾರಿ" ಎಂದು ಸುರಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಪುಣ್ಯಾತ್ಮ ಹೇಳುತ್ತಿದ್ದುದನ್ನು ಕೇಳಿ ನಾನು ಹತ್ತಿರ ಹೋದೆ. ನನ್ನ ಕಂಕುಳಲ್ಲಿದ್ದ ಪುಸ್ತಕವನ್ನು ಅವನು ಏನೆಂದು ತಿಳಿದನೋ, ಮುಂದಿನ ಬಸ್ಸಿಗೆ ಕಾಯದೆ ಟಂಟಂ ಹತ್ತಿ ಹೋದನು.

ಎಳೆಯ ಆಟಗಾರನನ್ನು ತೂಗುವುದು ಎಲ್ಲಿಯೂ ಸುಲಭವಲ್ಲ. ಅಮೆರಿಕದಲ್ಲಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರನ್ನು ವೃತ್ತಿತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿ 1947ರಿಂದ ಇದೆ. ಹಣದ ಹರಾಜಲ್ಲ, ಹಿಂದಿನ ವರ್ಷ ಸೋತವರಿಗೆ ಮುಂಚಿನ ಸರದಿ ಸಿಗುವಂಥ ಏರ್ಪಾಡು. ಹುಡುಗರ ಎತ್ತರ, ಚಾಚಿದ ಕೈಗಳ ಉದ್ದ, ನಿಂತಲ್ಲಿಂದ ನೆಗೆಯುವ ಅಳತೆ ಎಲ್ಲವನ್ನೂ ಗುರುತು ಹಾಕಿ ಅಳೆಯುತ್ತಾರೆ. ಅಷ್ಟು ಅಳೆದೂ 1984ರಲ್ಲಿ ಇಬ್ಬರನ್ನು ಆರಿಸಿದ ಮೇಲೆ ಮೂರನೆಯವನಾಗಿ ಆರಿಸಿದ್ದು ಮೈಕೆಲ್ ಜೋರ್ಡನನನ್ನು. 2014ರಲ್ಲಿ ನಲವತ್ತೊಂದನೆಯವನಾಗಿ ಹೋದ ನಿಕೊಲಾ ಯೋಕಿಚ್ ಮುಂದೆ ಆ ಲೀಗಿಗೇ ಶ್ರೇಷ್ಠನೆನಿಸಿದ. ನಮ್ಮ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಐವತ್ತೆರಡನೆಯವನಾಗಿ ಆಯ್ಕೆಯಾದಾಗ ದೇಶವೆಲ್ಲ ಹಿಗ್ಗಿತು. ಆದರೆ ಲೀಗಿನ ಅಸಲು ಪಂದ್ಯಗಳಲ್ಲಿ ಒಂದರಲ್ಲಿಯೂ ಅಂಗಳಕ್ಕಿಳಿಯುವ ಯೋಗ ಆತನಿಗೆ ಒದಗಲಿಲ್ಲ. ಏಳು ಅಡಿ ಎರಡು ಅಂಗುಲದ ಎತ್ತರವನ್ನು ಯಾವ ಪಟ್ಟಿಯಿಂದಲೂ ಅಳೆಯಬಹುದು. ಅಳತೆಗೆ ಸಿಗದುದು ಬೇರೆ.

ಕಬಡ್ಡಿಯಲ್ಲಿಯೂ ಅದೇ ಕಥೆ. ಮೇಲೆ ಹೇಳಿದ ಪವನ್ ಸೆಹ್ರಾವತ್ 2017ರಲ್ಲಿ ಗುಜರಾತಿನ ತಂಡದಲ್ಲಿ ಹೆಚ್ಚಾಗಿ ಹೊರಗೇ ಕುಳಿತಿದ್ದವರು. ಮರುವರ್ಷ ಬೆಂಗಳೂರು ಬುಲ್ಸ್ ತಂಡಕ್ಕೆ ಬಂದು, 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದೇ ಗುಜರಾತಿನ ವಿರುದ್ಧ 22 ಅಂಕ ತಂದು ಕಪ್ಪು ಗೆಲ್ಲಿಸಿದರು. 2022ರಲ್ಲಿ ತಮಿಳು ತಂಡ 2 ಕೋಟಿ 26 ಲಕ್ಷ ಕೊಟ್ಟು ಅವರನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ನೋವಾಗಿ ಆ ವರ್ಷವೆಲ್ಲ ಹೊರಗುಳಿಯಬೇಕಾಯಿತು. ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ದಾಳಿಯ ಅಂಕ ಗಳಿಸಿದ ಪ್ರದೀಪ್ ನರ್ವಾಲ್ ಅವರ ಹೆಸರನ್ನು 2025ರ ಹರಾಜಿನಲ್ಲಿ ಕೂಗಿದಾಗ ಯಾರೂ ಕೈ ಎತ್ತಲಿಲ್ಲ; ಅವರು ನಿವೃತ್ತಿ ಘೋಷಿಸಿದರು. ಒಂದು ಮೊಣಕಾಲಿನ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ಮನೆಯವರು ಯೋಚಿಸಬೇಕಾದದ್ದು ಇಂಥ ಕಡೆ.

ಇನ್ನು ನನ್ನ ಮೂವರು ಹುಡುಗರ ಮಾತು. ಅವರ ಹೆಸರು ಬೇಡ, ಊರಿನಿಂದಲೇ ಕರೆಯುತ್ತೇನೆ.

ಯಾದಗಿರಿಯವನು ಎತ್ತರದ ಆಳು. ರೈಲು ನಿಲ್ದಾಣದ ಬಳಿ ತಂದೆಗೆ ಆಟೋ ಇದೆ. ಕಾಲು ಉದ್ದ, ಬೋನಸ್ ಗೆರೆಯನ್ನು ಕೊಕ್ಕರೆ ನೀರು ಮುಟ್ಟಿದಂತೆ ಮುಟ್ಟಿ ಬರುತ್ತಾನೆ. ಆದರೆ ಬೋನಸ್ ಅಂಕ ಸಿಗುವುದು ಎದುರಿಗೆ ಆರು ಮಂದಿ ಅಥವಾ ಏಳು ಮಂದಿ ಇದ್ದಾಗ ಮಾತ್ರ. ಐವರಾದರೆ ಈತನಿಗೆ ಕೆಲಸವಿಲ್ಲ. ಎರಡು ದಾಳಿ ಬರಿದಾದ ಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೆ ಹೊರಗೆ ನಡೆಯಬೇಕು ಎಂಬ ನಿಯಮವಿದೆಯಷ್ಟೆ. ಆ ಮೂರನೆಯ ದಾಳಿಗೆ ಇವನು ಹೊರಟಾಗ ಮುಖ ಬಾಡಿರುವುದು ನನ್ನ ಮೇಜಿನವರೆಗೆ ಕಾಣುತ್ತಿತ್ತು. ಅವನಿಗೂ ಇದು ಗೊತ್ತು. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ವಿಷಯ ಅಷ್ಟಕ್ಕೆ ಸಾಕು.

ಸುರಪುರದವನು ಜಾತ್ರೆಗಳ ರಾಜ. ನಾಯಕರ ಸಂಸ್ಥಾನದ ಆ ಊರಿಗೆ ವೀರರನ್ನು ಹೊಗಳುವುದು ಹೊಸತಲ್ಲ. 1858ರ ರಾಜಾ ವೆಂಕಟಪ್ಪ ನಾಯಕನ ಕಥೆಯನ್ನು ಮಕ್ಕಳು ತೊಟ್ಟಿಲಲ್ಲೇ ಕೇಳುತ್ತಾರೆ. ಗುಡ್ಡದ ಮೇಲಿನ ಟೇಲರ್ ಸಾಹೇಬನ ಬಂಗಲೆಯನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಅಂಥ ಊರಿನಲ್ಲಿ ಒಬ್ಬ ಹುಡುಗ ಒಂದೇ ಪಂದ್ಯದಲ್ಲಿ 23 ಅಂಕ ತಂದರೆ ಏನಾಗಬಹುದು? ಹೆಗಲ ಮೇಲೆ ಹೊತ್ತು ಮೆರೆಸಿದರು. ಅಂಗೈ ಅಗಲದ ದೂರವಾಣಿಗಳಲ್ಲಿ ಅವನ ಚಿತ್ರ ಹೈದರಾಬಾದಿನವರೆಗೆ ಓಡಿತು. ಬೆಂಗಳೂರಿನಲ್ಲಿ ತಂಡವೊಂದು ಎಳೆಯರನ್ನು ಪರೀಕ್ಷಿಸುತ್ತದೆಂದು ಸುದ್ದಿ ಬಂದಾಗ ಮೊದಲು ಕೇಳಿಬಂದ ಹೆಸರು ಅವನದೇ.

ಶಹಾಪುರದವನನ್ನು ಯಾರೂ ಹೊರಲಿಲ್ಲ. ವಿದ್ಯಾರ್ಥಿನಿಲಯದಲ್ಲಿದ್ದು ಓದುವ ಹುಡುಗ; ತಂದೆತಾಯಿಗೆ ನಾರಾಯಣಪುರದ ಕಾಲುವೆಯ ಕೊನೆಯ ಭಾಗದಲ್ಲಿ, ನೀರು ಬಂದರೆ ಬಂತು ಎನ್ನುವ ಕಡೆ, ಎರಡೆಕರೆ ಹತ್ತಿ. ಬುದ್ಧ ಮಲಗಿದಂತೆ ಕಾಣುವ ಆ ಬೆಟ್ಟದ ಕೆಳಗಿನ ಬಯಲಿನಲ್ಲಿ ಬೆಳಗಿನ ಐದು ಗಂಟೆಗೆ ಓಡುತ್ತಾನೆ. ಆಡುವುದು ಎಡ ಕಾರ್ನರಿನಲ್ಲಿ. ಎಂದರೆ ದಾಳಿಗೆ ಬಂದವನ ಬಲಗೈ ಕಡೆಯ ಮೂಲೆಯನ್ನು ಕಾಯುವುದು. ಪಂದ್ಯ ಮುಗಿದಾಗ ಅವನ ಹೆಸರಿನ ಮುಂದೆ ಎರಡೋ ಮೂರೋ ಅಂಕ. ಅಂಕಪಟ್ಟಿ ನೋಡಿದವರು ಅವನ ಹೆಸರನ್ನು ದಾಟಿ ಮುಂದೆ ಹೋಗುತ್ತಾರೆ.

ಆದರೆ ನನ್ನ ಪುಸ್ತಕ ಬೇರೆ ಮಾತು ಹೇಳುತ್ತಿತ್ತು. ಬಲಗೈಯ ರೈಡರುಗಳು ಸ್ವಭಾವದಿಂದ ತಮ್ಮ ಬಲಕ್ಕೆ ಹೆಚ್ಚು ಹೋಗುತ್ತಾರೆ. ಬೇರೆ ಪಂದ್ಯಗಳಲ್ಲಿ ನನ್ನ ಬಲ ಅಂಕಣ ಗುರುತುಗಳಿಂದ ಕಪ್ಪಾಗಿರುತ್ತದೆ. ಶಹಾಪುರದವನು ಆಡಿದ ಪಂದ್ಯಗಳ ಪುಟಗಳಲ್ಲಿ ಮಾತ್ರ ಆ ಅಂಕಣ ಮೊದಲ ಹತ್ತು ನಿಮಿಷ ತುಂಬಿ, ಆಮೇಲೆ ಬರಿದು. ಒಂದೆರಡು ಸಲ ಅವನ ಕೈಗೆ ಕಾಲು ಕೊಟ್ಟವರು ಮತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ಕಣಕಾಲು ಹಿಡಿಯುವುದರಲ್ಲಿ ಅವನಿಗೊಂದು ತಾಳ್ಮೆಯಿದೆ. ರೈಡರನ ಕೈಯನ್ನು ನೋಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಹಿಂದಿನ ಕಾಲು ನೆಲದಿಂದ ಏಳುವುದನ್ನು ಕಾಯುತ್ತಾನೆ. ಅರಗಳಿಗೆ ಮುಂಚೆ ಹೋದರೆ ಮುಟ್ಟಿಸಿಕೊಂಡು ಹೊರಗೆ, ಅರಗಳಿಗೆ ತಡವಾದರೆ ರೈಡರು ಗೆರೆಯಾಚೆ. ಅವನ ದೊಡ್ಡ ಗಳಿಕೆಯೆಂದರೆ ನಡೆಯದೇ ಹೋದ ದಾಳಿಗಳು. ಅದಕ್ಕೆ ಅಂಕ ಕೊಡುವ ನಿಯಮ ಯಾವ ಆಟದಲ್ಲಿಯೂ ಇಲ್ಲ.

ಸುರಪುರದವನ 23 ಅಂಕವನ್ನೂ ಹೀಗೆಯೇ ಬಿಡಿಸಿ ನೋಡಿದೆ. ಆ ಜಾತ್ರೆಯ ಪಂದ್ಯದಲ್ಲಿ ಎದುರಾಳಿ ತಂಡದವರು ಎಂಟೇ ಮಂದಿ ಬಂದಿದ್ದರು. ಒಂಬತ್ತನೆಯ ನಿಮಿಷದಲ್ಲಿ ಅವರ ಎಡ ಕಾರ್ನರಿನವನ ಕಾಲು ಉಳುಕಿತು. ಅವನ ಜಾಗಕ್ಕೆ ನಿಂತವನು ಇನ್ನೂ ಹೈಸ್ಕೂಲಿನ ಹುಡುಗ. ಸುರಪುರದವನ 23ರಲ್ಲಿ 14 ಅಂಕ ಆ ಮೂಲೆಯಿಂದ, ಆ ಮಗು ಬಂದ ಮೇಲೆ ಬಂದವು, 5 ಬೋನಸ್, ಉಳಿದದ್ದು 4. ಅದೇ ಹುಡುಗ ಅಂತರಕಾಲೇಜು ಪಂದ್ಯದಲ್ಲಿ ಶಹಾಪುರದವನ ಎದುರಿಗೆ ಬಂದಾಗ ಆರು ಸಲ ಬಲಕ್ಕೆ ಹೋಗಿ ನಾಲ್ಕು ಸಲ ಸಿಕ್ಕಿಬಿದ್ದ. ಕಾಲಿನ ವೇಗ ಅಪೂರ್ವ, ತಿರುಗುವ ಚಾಕಚಕ್ಯ ಹುಟ್ಟಿನಿಂದ ಬಂದದ್ದು. ಇವೆರಡನ್ನೂ ನಾನು ಮೊದಲು ಬರೆದಿಟ್ಟಿದ್ದೇನೆ. ಆದರೆ ಎಡಕ್ಕೆ ಹೋಗಲು ಬಾರದ ರೈಡರನನ್ನು ಲೀಗಿನ ತಂಡದವರು ಎರಡೇ ಪಂದ್ಯದಲ್ಲಿ ಓದಿಬಿಡುತ್ತಾರೆ. ಅಲ್ಲಿ ಒಬ್ಬೊಬ್ಬನ ಆಟದ ಚಿತ್ರವನ್ನೂ ನಿಧಾನವಾಗಿ ಓಡಿಸಿ ನೋಡುವವರು ಸಂಬಳಕ್ಕಿದ್ದಾರೆ.

ನೆಲದ ಮಾತೂ ಇದೆ. ನಮ್ಮದು ಎರೆಮಣ್ಣಿನ ಸೀಮೆ. ಜಾತ್ರೆಯಲ್ಲಿ ಹೊರಗಿನಿಂದ ಮಣ್ಣು ತಂದು ಹಾಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆಯುತ್ತಾರೆ. ಬರಿಗಾಲಿನ ರೈಡರು ಆ ಮೆತ್ತನೆಯ ಮಣ್ಣಿನಲ್ಲಿ ಜಾರಿ ತಪ್ಪಿಸಿಕೊಳ್ಳುವುದೇ ಒಂದು ವಿದ್ಯೆ. ಲೀಗಿನಲ್ಲಿ ಚಾಪೆ, ಕಾಲಿಗೆ ಬೂಟು. ಚಾಪೆ ಕಾಲನ್ನು ಹಿಡಿಯುತ್ತದೆ, ಜಾರಗೊಡುವುದಿಲ್ಲ. ಮಣ್ಣಿನಲ್ಲಿ ಜಾರಿ ಕಲಿತವನ ಮೊಣಕಾಲು ಚಾಪೆಯ ಮೇಲೆ ತಿರುಚಿಕೊಳ್ಳುತ್ತದೆ. ಮೂರು ತಾಲ್ಲೂಕುಗಳ ಹುಡುಗರು ಚಾಪೆಯನ್ನು ಮೊದಲು ಕಾಣುವುದು ಬಹುಶಃ ಪರೀಕ್ಷೆಯ ದಿನವೇ. ನಮ್ಮವರೇ ಆದ ಬಿ.ಸಿ. ರಮೇಶ್ ಅರ್ಜುನ ಪ್ರಶಸ್ತಿ ಪಡೆದವರು, ತರಬೇತುದಾರರಾಗಿ 2019ರಲ್ಲಿ ಬಂಗಾಳದ ತಂಡಕ್ಕೂ 2024ರಲ್ಲಿ ಪುಣೆಯ ತಂಡಕ್ಕೂ ಕಪ್ಪು ತಂದುಕೊಟ್ಟವರು. ಅಂಥ ತರಬೇತುದಾರರನ್ನು ಪಡೆದ ರಾಜ್ಯದಲ್ಲಿ ತಾಲ್ಲೂಕಿಗೊಂದು ಚಾಪೆ ಹಾಸುವುದು ಆಗದ ಮಾತೇ? ಹೆಣ್ಣುಮಕ್ಕಳ ಗೋಳು ಇನ್ನೂ ದೊಡ್ಡದು. ಕಾರ್ಕಳದ ಕಡೆಯ ಮಮತಾ ಪೂಜಾರಿ 2010ರಲ್ಲಿಯೂ 2014ರಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದರು. 2016ರಲ್ಲಿ ಹೆಣ್ಣುಮಕ್ಕಳಿಗಾಗಿ ಮೂರೇ ತಂಡಗಳ ಒಂದು ಪಂದ್ಯಾವಳಿ ನಡೆಯಿತು. ನನ್ನ ಟ್ರಂಕಿನಲ್ಲಿ ಹುಡುಗಿಯರ ಪುಸ್ತಕಗಳೂ ಇವೆ. ಅವರ ತಂದೆಯರು ಯಾರೂ ಬಂದು ಕೇಳಿಲ್ಲ.

2025ರ ಬೇಸಿಗೆಯ ಒಂದು ಸಂಜೆ ಸುರಪುರದ ಹುಡುಗನ ತಂದೆತಾಯಿ ನಮ್ಮ ಮನೆಗೆ ಬಂದರು. ವರ್ಷದಲ್ಲಿ ಆರು ತಿಂಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವ ದಂಪತಿಗಳು. ಇದಕ್ಕಾಗಿಯೇ ಊರಿಗೆ ಬಂದಿದ್ದರು. ತಾಯಿ ಕುರ್ಚಿಯ ಮೇಲೆ ಕೂಡಲಿಲ್ಲ, ನನ್ನ ಮನೆಯವರ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು. ಪರೀಕ್ಷೆಯ ದಿನವೂ ಬಿ.ಎ. ಕೊನೆಯ ಸೆಮಿಸ್ಟರಿನ ಒಂದು ಪೇಪರಿನ ದಿನವೂ ಒಂದೇ ಆಗಿತ್ತು.

ತಂದೆ ಬಹಳ ಹೊತ್ತು ಗೋಡೆಯನ್ನೇ ನೋಡಿ ಹೇಳಿದ: "ಸರ, ಊರಾನ ಮಂದಿ ಎಲ್ಲಾ ಹೋಗ್ಲಿ ಅಂತಾರ. ಒಂದು ಪೇಪರ್ ಹೋದ್ರ ಮುಂದ ಬರೀಬಹುದಂತ. ಇದು ಹೋದ್ರ ಮತ್ತ ಬರಂಗಿಲ್ಲಂತ. ನಮಗ ತಿಳಿಯಂಗಿಲ್ರಿ. ನೀವು ಹೇಳಿದಂಗ ಕೇಳ್ತೀವಿ."

ತಾಯಿ ನಡುವೆ ಬಾಯಿ ಹಾಕಿದಳು: "ಅಂವಾ ಆಡ್ಲಿ ಬ್ಯಾಡ ಅನ್ನಂಗಿಲ್ರಿ ನಾನು. ನಮ್ಮಂಗ ಇಟ್ಟಂಗಿ ಹೊರೂದು ತಪ್ಪಿದ್ರ ಸಾಕ್ರಿ ಯಪ್ಪಾ."

ಇಂಥ ಮಾತಿಗೆ ಎಂಥವನಾದರೂ ತಟಕ್ಕನೆ ಉತ್ತರ ಕೊಡಲಾರ. ನಾನು ಲೆಕ್ಕ ಹಾಕಿದೆ. ಸಂವಿಧಾನದ 371ಜೆ ಕಲಮಿನಿಂದ 2013ರ ಬಳಿಕ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸರಕಾರಿ ನೌಕರಿಗಳಲ್ಲಿ ಮೀಸಲು ಪಾಲು ಇದೆ. ಆದರೆ ಪದವಿಯ ಹುದ್ದೆಗೆ ಅರ್ಜಿ ಹಾಕಲು ಕೈಯಲ್ಲಿ ಪದವಿ ಬೇಕು. ಆ ಮನೆಯಲ್ಲಿ ಪದವಿಯ ಅಂಚಿಗೆ ಬಂದ ಮೊದಲಿಗ ಇವನು. ಇನ್ನೊಂದು ಕಡೆ ಇಪ್ಪತ್ತೊಂದರ ವಯಸ್ಸು, ಮಿಂಚಿನ ಕಾಲು, ಹಿಂದೆ ನಿಂತ ಊರು. ಈ ಎರಡನ್ನೂ ತೂಗುವ ತಕ್ಕಡಿ ನನ್ನಲ್ಲಿರಲಿಲ್ಲ, ಇದ್ದದ್ದು ಪುಸ್ತಕ.

"ತಾಯಿ, ಹುಡುಗ ಚೆನ್ನಾಗಿದ್ದಾನೆ" ಎಂದೆ. "ಆದರೆ ಈಗ ಹೋದರೆ ಅವನನ್ನು ತೆಗೆದುಕೊಳ್ಳುವುದಿಲ್ಲ. ಒಂದು ವರ್ಷದ ಕೆಲಸ ಬಾಕಿ ಇದೆ. ಪೇಪರ್ ಬರೆಯಲಿ."

ತಂದೆ ತಲೆಯಾಡಿಸಿದ. ಹುಡುಗ ಮಾತ್ರ ಇದನ್ನು ಕೇಳಿ ಮರುದಿನ ಒಬ್ಬನೇ ಬಂದ. ಬಾಗಿಲಲ್ಲೇ ನಿಂತು, "ಸರ, ಇಪ್ಪತ್ತಮೂರು ಪಾಯಿಂಟ್ ನೀವೇ ಬರದೀರಿ. ನೀವೇ ಹಿಂಗಂದ್ರ ಹ್ಯಾಂಗ್ರಿ?" ಎಂದ. ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಕೆಳಗೆ ಇನ್ನೇನೋ ಇತ್ತು. ನಾನು ವಾದಕ್ಕೆ ಹೋಗಲಿಲ್ಲ. ಟ್ರಂಕು ಎಳೆದು ಅವನ ಹೆಸರಿರುವ ಪುಟಗಳನ್ನು ತೆಗೆದು ಮುಂದಿಟ್ಟೆ. ಗುರುತುಗಳ ಅರ್ಥ ಹೇಳಿ ನಾನು ತರಕಾರಿ ತರಲು ಹೋದೆ.

ಹಿಂದಿರುಗಿದಾಗ ಕತ್ತಲಾಗಿತ್ತು. ಚಹದ ಕಪ್ಪು ಮುಟ್ಟದೆ ಆರಿ ಹೋಗಿತ್ತು. ಅವನು ಎರಡು ವರ್ಷಗಳ ಪುಟಗಳನ್ನೂ ಮುಗಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ತನ್ನದೇ ಲೆಕ್ಕ ಬರೆದುಕೊಂಡಿದ್ದ. ನನ್ನ ಮನೆಯವರು ಅದನ್ನು ಕಂಡೂ ಏನೂ ಅನ್ನದಿದ್ದುದು ನನಗೆ ಆಶ್ಚರ್ಯವಾಯಿತು.

"ಸರ, ನನ್ನ ಎಡಗಡಿ ಸಾಲು ಯಾಕ ಇಷ್ಟು ಖಾಲಿ ಅದ?"

"ನೀನು ಆ ಕಡೆ ಹೋಗಿಲ್ಲ ತಮ್ಮಾ."

"ಹೋಗೀನಿ ಅನ್ಕೊಂಡಿದ್ದೆನ್ರಿ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಶಹಾಪುರದಂವನ್ನ ಕಳಸ್ರಿ. ಅಂವನ ಕೈಯಾಗ ಸಿಕ್ರ ಬಿಡಂಗಿಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಪೇಪರ್ ಬರೆಯುವುದಾಗಿ ಅವನು ನನಗೆ ಹೇಳಲಿಲ್ಲ; ಬರೆದನೆಂಬುದು ಆಮೇಲೆ ತಿಳಿಯಿತು.

ಶಹಾಪುರದವನು ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ. ಬೂಟು ಎರವಲು, ಯಾದಗಿರಿಯ ಎತ್ತರದ ಹುಡುಗ ಕೊಟ್ಟದ್ದು, ಮುಂದೆ ಹತ್ತಿ ತುರುಕಿ ಬಿಗಿ ಮಾಡಿಕೊಂಡದ್ದು. ನಾನು ಅವನ ಹದಿನಾಲ್ಕು ಪಂದ್ಯಗಳ ಬಲ ಅಂಕಣವನ್ನು ಒಂದೇ ಹಾಳೆಯಲ್ಲಿ ನಕಲು ಮಾಡಿ, ಕೆಳಗೆ ನಾಲ್ಕು ಸಾಲಿನ ವಿವರಣೆ ಬರೆದು ಲಕೋಟೆಯಲ್ಲಿಟ್ಟು ಕೊಟ್ಟೆ. ಶಿಫಾರಸು ಪತ್ರ ಬೇಡವೆಂದೆ. ಅಂಥ ಪತ್ರಗಳಲ್ಲಿ ಎಲ್ಲ ಹುಡುಗರೂ ಸಚ್ಚಾರಿತ್ರ್ಯವುಳ್ಳವರೇ ಆಗಿರುತ್ತಾರೆ.

ಅಲ್ಲಿ ಮೊದಲ ದಿನ ಓಟ, ತೂಕ, ಎತ್ತರ. ಎರಡನೆಯ ದಿನ ಚಾಪೆಯ ಮೇಲೆ ಆಟ. ಅವನು ಹೇಳಿದ ಪ್ರಕಾರ, ಮೊದಲ ಎರಡು ಹಿಡಿತಗಳಲ್ಲಿ ಬೂಟು ಚಾಪೆಗೆ ಸಿಕ್ಕಿಕೊಂಡು ಮುಗ್ಗರಿಸಿದ. ಮೂರನೆಯ ಸಲ ಮುಂದೆ ಧುಮುಕದೆ ನಿಂತಲ್ಲಿಯೇ ಕಾದ. ಆಮೇಲೆ ಹಿಡಿದದ್ದು ಐವರನ್ನು. ಲಕೋಟೆಯನ್ನು ಒಬ್ಬರು ಬಿಚ್ಚಿ ಓದಿ, ಇನ್ನೊಬ್ಬರಿಗೆ ತೋರಿಸಿ, "ಇದನ್ನು ಯಾರು ಬರೆದರು?" ಎಂದು ಕೇಳಿದರಂತೆ. ನಮ್ಮ ಕನ್ನಡದ ಸರ ಎಂದು ಹೇಳಿದಾಗ ನಕ್ಕರಂತೆ. ಹಾಳೆಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಆಯ್ಕೆ ಆಗಲಿಲ್ಲ. ಬೇಡವೆಂದೂ ಹೇಳಲಿಲ್ಲ. ತೂಕ 66 ಕಿಲೋ ಇದೆ, ಹಿರಿಯರ ಆಟದಲ್ಲಿ 85ರವರೆಗೆ ಅವಕಾಶವಿರುವಾಗ ಭಾರಿ ರೈಡರುಗಳು ಇವನನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಾರೆ, ಎಂಟು ಕಿಲೋ ಸೇರಿಸಿಕೊಂಡು ಮುಂದಿನ ವರ್ಷ ಬಾ ಎಂದು ಒಂದು ಚೀಟಿಯಲ್ಲಿ ಊಟದ ವಿವರ ಬರೆದುಕೊಟ್ಟರು. ದಿನಕ್ಕೆ ಆರು ಮೊಟ್ಟೆ, ಒಂದು ಲೀಟರು ಹಾಲು, ಬೇಳೆ, ಶೇಂಗಾ, ಬಾಳೆಹಣ್ಣು. ಚೀಟಿಯನ್ನು ಓದಿ ಅವನ ತಾಯಿ ತಿಂಗಳ ಖರ್ಚು ಬೆರಳಲ್ಲಿ ಎಣಿಸಿ, ಎಣಿಕೆಯನ್ನು ಅರ್ಧಕ್ಕೇ ನಿಲ್ಲಿಸಿದರಂತೆ. ಬೇಳೆ ಶೇಂಗಾ ಹೊಲದಲ್ಲಿಯೇ ಆದೀತು. ಹಾಲು ಮೊಟ್ಟೆಯ ಪ್ರಶ್ನೆ. ಆ ವಾರ ಅವನ ವಿದ್ಯಾರ್ಥಿನಿಲಯದ ಅಡುಗೆಯವರು ತಮ್ಮ ಪಾಲಿನ ಎರಡು ಮೊಟ್ಟೆ ಕೊಡತೊಡಗಿದರು. ಹಾಲಿನ ಲೆಕ್ಕವನ್ನು ನನ್ನ ಮನೆಯವರು ವಹಿಸಿಕೊಂಡಿದ್ದಾರೆ. ಟ್ರಂಕಿನ ವಿಷಯದಲ್ಲಿ ಅವರ ಅಭಿಪ್ರಾಯ ಬದಲಾಗಿದೆಯೆಂದು ಇದರಿಂದ ತಿಳಿಯಬಾರದು.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಯಾದಗಿರಿಯಲ್ಲಿ ಒಂದು ಪಂದ್ಯಾವಳಿ ನಡೆಯಿತು. ಶಹಾಪುರದವನ ತೂಕ 69 ಆಗಿತ್ತು. ಸುರಪುರದವನು ಪದವಿ ಮುಗಿಸಿ, ಹಳೆಯ ವಿದ್ಯಾರ್ಥಿಗಳ ತಂಡದಲ್ಲಿ ಎದುರು ಅಂಕಣಕ್ಕೆ ಬಂದಿದ್ದ. ನನ್ನ ಮೇಜಿನ ಕಡೆ ಒಂದು ಸಲ ನೋಡಿ, ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಮೊದಲ ದಾಳಿಗೆ ಹೊರಟ. ಜನ ಎಂದಿನಂತೆ ಬಲಮೂಲೆಯ ಕಡೆ ಕತ್ತು ತಿರುಗಿಸಿದರು. ಅವನು ಎಡಕ್ಕೆ ಹೋದ. ಹೆಜ್ಜೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಮೂರು ಮಂದಿ ಸೇರಿ ಕೆಡವಿದರು. ಮಣ್ಣು ಕೊಡವಿಕೊಂಡು ಎದ್ದು ಹೊರಗೆ ಹೋಗಿ ಕುಳಿತ. ನಾನು ಎಡ ಅಂಕಣದಲ್ಲಿ ಸೊನ್ನೆ ಬರೆದೆ. ತಂಡದವರು ಅಂಕ ತಂದು ಅವನನ್ನು ಒಳಗೆ ಕರೆಸಿಕೊಳ್ಳಲು ಐದು ನಿಮಿಷ ಹಿಡಿಯಿತು. ಎರಡನೆಯ ದಾಳಿಗೂ ಎಡಕ್ಕೇ ಹೋದ.